ಏನೂ ಇಲ್ಲದ ದೇಶ

ಸಿಂಗಪುರ
೨೦ ಜನವರಿ ೨೦೦೨

ಪ್ರೀತಿಯ ದೊಡ್ಡಮ್ಮನಿಗೆ ಹಸ್ಲಿಂದಾಳ ಸಲಾಂ.

ಹಬ್ಬಕ್ಕೆ ಬರಲಿಲ್ಲವೆಂದು ನಿಮಗೆ ಸಿಟ್ಟು ಬಂದಿದೆಯಂತೆ. ನಿಮ್ಮ ಮಗರಾಯ ಜುಫ್ರಿ ಪೇಟೆಗೆ ಹೋದಾಗ ಫೋನ್ ಮಾಡಿ, "ನಿನ್ನ ಹೆಸರು ಎತ್ತಿದ್ರೆ ಅಮ್ಮ ಪಾತ್ರೆ ಕುಕ್ತಾಳೆ ಕಣೇ" ಅಂದ. ಸಿಟ್ಟು ಬಿಡಿ, ಒಂದು ಒಳ್ಳೆಯ ಸುದ್ದಿ ಹೇಳುತ್ತೇನೆ.

ನಮ್ಮ ಕಚೇರಿ ಹೊರದೇಶದ ವ್ಯಾಪಾರಿಗಳಿಗಾಗಿ ಒಂದು ಪುಸ್ತಕ ತರುತ್ತಿದೆ. 'ನಮ್ಮ ದೇಶದ ಆರ್ಥಿಕತೆ ಮತ್ತು ವ್ಯಾಪಾರ: ಒಂದು ಪಕ್ಷಿನೋಟ' ಎಂಬ ಮೊದಲ ಅಧ್ಯಾಯ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ನಮ್ಮ ಮೇಲಧಿಕಾರಿ ಖೂ ಸಾಹೇಬರು ಕರೆದು, "ಅಂಕಿ ಸಂಖ್ಯೆ ತುಂಬಿ ಜನರನ್ನ ಮಲಗಿಸ್ಬೇಡ. ಗಡಿಯಾಚೆ ದ್ವೀಪದಲ್ಲಿ ನಿಮ್ಮ ದೊಡ್ಡಮ್ಮ ಇದಾರೆ ಅಂತೀಯಲ್ಲ, ಅವರಿಗೆ ಅರ್ಥವಾಗೋ ಹಾಗೆ ಬರಿ" ಎಂದರು. ಹಾಗಾಗಿ ಬರೆದದ್ದನ್ನು ಮೊದಲು ನಿಮಗೇ ಕಳಿಸುತ್ತೇನೆ. ಅರ್ಥವಾಗದಿದ್ದರೆ ಬೈದು ಬರೆಯಿರಿ.

ನನ್ನ ಮೇಜಿನ ಪಕ್ಕದ ಕಿಟಕಿಯಿಂದ ಸಮುದ್ರ ಕಾಣುತ್ತದೆ. ದೋಣಿಗಳು ಮರಳು ತಂದು ಸುರಿಯುತ್ತಲೇ ಇರುತ್ತವೆ. ಹೋದ ವರ್ಷ ಹಡಗು ನಿಂತಿದ್ದ ಕಡೆ ಈಗ ಲಾರಿ ಓಡಾಡುತ್ತಿದೆ. ಮುಂದೆ ಅಲ್ಲಿ ಮನೆಗಳನ್ನು ಕಟ್ಟುತ್ತಾರಂತೆ, ನಾನೂ ಹೆಸರು ಬರೆಸಿದ್ದೇನೆ. ಎತ್ತರದ ಮಹಡಿ ಸಿಕ್ಕರೆ ನಿಮ್ಮ ಸೆಲಾಸಿ ದ್ವೀಪ ಕಾಣಬಹುದು.

ಅಮ್ಮನ ಗೋರಿಯ ಮೇಲಿನ ಕಾಮಕಸ್ತೂರಿ ಗಿಡ ಚಿಗುರಿದೆಯೇ? ಇಲ್ಲಿದ್ದಿದ್ದರೆ ಜಾಗ ಸಾಲದೆಂದು ಹದಿನೈದು ವರ್ಷ ಕಳೆದ ಮೇಲೆ ಅವಳನ್ನು ಅಗೆದು ತೆಗೆದು ಇನ್ನೊಬ್ಬರ ಜೊತೆ ಇಡುತ್ತಿದ್ದರು. "ನನ್ನನ್ನ ಅಕ್ಕನ ಊರಿಗೆ ಕರ್ಕೊಂಡ್ಹೋಗು, ಅಲ್ಲಿ ಮಣ್ಣಿಗೆ ಬಾಡಿಗೆ ಇಲ್ಲ" ಎಂದು ಕಾಯಿಲೆಯಲ್ಲೂ ಹಟ ಹಿಡಿದು ನಿಮ್ಮ ಮನೆಗೆ ಬಂದು ಕಣ್ಣು ಮುಚ್ಚಿದಳಲ್ಲ. ಅವಳು ಗೆದ್ದಳು.

ನಿಮ್ಮ ಮಗಳಂಥ,
ಹಸ್ಲಿಂದಾ


ಪುಲಾವ್ ಸೆಲಾಸಿ
೧೧ ಫೆಬ್ರವರಿ ೨೦೦೨

ಹಸ್ಲಿಂದಾ,

ಪಾತ್ರೆ ಕುಕ್ಕಿದ್ದು ನಿಜ. ಒಂದು ಅಲುಮಿನಿಯಂ ತಪ್ಪಲೆ ನಿನ್ನ ಹೆಸರಿನಲ್ಲಿ ನೆಗ್ಗಿದೆ, ಬಂದಾಗ ತೋರಿಸುತ್ತೇನೆ.

ನೀನು ದೊಡ್ಡ ಪುಸ್ತಕಕ್ಕೆ ಬರೆಯುತ್ತಿರುವುದು ಸಂತೋಷ. ನನ್ನನ್ನು ದಡ್ಡರ ಅಳತೆಗೋಲು ಮಾಡಿದ ನಿನ್ನ ಸಾಹೇಬನಿಗೂ ಸಲಾಂ ಹೇಳು.

ಕಾಮಕಸ್ತೂರಿ ಚಿಗುರಿದೆ. ನೀರು ಹಾಕಿದಾಗಲೆಲ್ಲ ನಿನ್ನ ನೆನಪಾಗುತ್ತದೆ. ಮಣ್ಣು ಕೊಡುವ ದಿನ ಹಿಮ್ಮಡಿ ಎತ್ತರದ ಚಪ್ಪಲಿಯಲ್ಲೇ ಗೋರಿಗಳ ನಡುವೆ ನುಗ್ಗಿದ್ದೆ. "ತೆಗಿಯೇ ಅದನ್ನ, ಕೆಳಗೆ ಜನ ಮಲಗಿದಾರೆ" ಎಂದು ನಾನು ಕೂಗಿದ್ದಕ್ಕೆ ಅಷ್ಟು ಅಳುವಿನ ನಡುವೆಯೂ ನಿನಗೆ ನಾಚಿಕೆಯಾಗಿತ್ತು.

ನೀನು ಸುರಿಯುವುದನ್ನು ನೋಡುತ್ತಿದ್ದೀ, ನಾನು ಹೀರುವುದನ್ನು ನೋಡುತ್ತಿದ್ದೇನೆ. ಆನೆಯ ಸೊಂಡಿಲಿನಂಥ ಕೊಳವೆ ಇಳಿಸಿಕೊಂಡು ಒಂದು ಹಡಗು ನಮ್ಮ ದಡದ ಎದುರಿಗೇ ನಿಂತಿದೆ. ತಳದ ಮರಳನ್ನೆಲ್ಲ ಹೀರಿ ದೋಣಿಗೆ ತುಂಬುತ್ತದೆ, ದೋಣಿ ನಿಮ್ಮ ಕಡೆಗೆ ಬರುತ್ತದೆ. ನೀರು ಕಲಗಚ್ಚಿನ ಬಣ್ಣಕ್ಕೆ ತಿರುಗಿದೆ. ನಿನ್ನ ಅಮ್ಮ ತಿನ್ನಲು ಪ್ರಾಣಬಿಡುತ್ತಿದ್ದ ಗೊಂಗ್ಗೊಂಗ್ ಬಸವನಹುಳು ಈ ವರ್ಷ ಒಂದೂ ಸಿಕ್ಕಿಲ್ಲ. ಮರಳೇ ಇಲ್ಲದಿದ್ದರೆ ಹುಳು ಎಲ್ಲಿ ಮಲಗಬೇಕು?

ಊರ ಹಿರಿಯನಿಗೆ ಆ ಹಡಗಿನ ಕಂಪನಿಯವರು ಒಂದು ಜನರೇಟರ್ ಕೊಟ್ಟಿದ್ದಾರೆ. ಈಗ ಎಲ್ಲರೂ ಅವನ ಜಗಲಿಯಲ್ಲಿ ಕೂತು ಟಿವಿ ನೋಡುತ್ತಾರೆ. ನೋಡುವುದೂ ನಿಮ್ಮ ದೇಶದ ನಾಟಕವನ್ನೇ.

ನಿನ್ನ ಅಮ್ಮನಿಗೂ ಸಮುದ್ರಕ್ಕೂ ನಡುವೆ ಮೂರು ಸಾಲು ತೆಂಗು ಇತ್ತು. ಈಗ ಒಂದು ಸಾಲು ಉಳಿದಿದೆ.

ದೊಡ್ಡಮ್ಮ ಸಪಿಯಾ


ಸಿಂಗಪುರ
೨ ಮಾರ್ಚ್ ೨೦೦೨

ದೊಡ್ಡಮ್ಮಾ,

ಇಗೋ ಪಕ್ಷಿನೋಟದ ಮೊದಲ ಪುಟ. ತಾಳ್ಮೆಯಿಂದ ಓದಿ.

"ನಮ್ಮದು ಪುಟ್ಟ ದೇಶ. ಸ್ವಂತದ್ದೆನ್ನುವ ನೈಸರ್ಗಿಕ ಸಂಪತ್ತು ಏನೂ ಇಲ್ಲ. ಒಂದು ಎಣ್ಣೆ ಬಾವಿಯೂ ಇಲ್ಲ, ಆದರೂ ಎಣ್ಣೆಯನ್ನು ಶುದ್ಧಮಾಡಿ ಮಾರುವುದರಲ್ಲಿ ಜಗತ್ತಿನ ಮುಂಚೂಣಿಯಲ್ಲಿದ್ದೇವೆ. ಭತ್ತದ ಗದ್ದೆ ಇಲ್ಲ, ಊಟಕ್ಕೆ ಕೊರತೆಯಿಲ್ಲ. ಕುಡಿಯುವ ನೀರಿನಲ್ಲಿ ಬಹುಪಾಲು ನೆರೆದೇಶದಿಂದ ಕೊಳವೆಯಲ್ಲಿ ಬರುತ್ತದೆ. ನಮ್ಮ ಆಮದು ರಫ್ತುಗಳನ್ನು ಕೂಡಿಸಿದರೆ ನಾಡಿನ ಒಟ್ಟು ಉತ್ಪನ್ನಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಏಕೆಂದರೆ ಹೊರಗೆ ಕಳಿಸುವುದರಲ್ಲಿ ಅರ್ಧಕ್ಕೆ ಹತ್ತಿರದಷ್ಟು ನಾವು ಮಾಡಿದ ಸರಕಲ್ಲ. ಎಲ್ಲಿಂದಲೋ ಬಂದು, ನಮ್ಮ ಬಂದರಿನಲ್ಲಿ ಇಳಿದು, ಇನ್ನೆಲ್ಲಿಗೋ ಹೊರಟದ್ದು. ಕಂಪ್ಯೂಟರಿನ ಬಿಡಿಭಾಗ, ಔಷಧಿ, ಬ್ಯಾಂಕು, ಹಡಗು ಇವು ನಮ್ಮ ಕೈಕಾಲುಗಳು. ನಮ್ಮ ನಿಜವಾದ ಸಂಪತ್ತು ನಮ್ಮ ಜನ, ಅವರ ಶಿಸ್ತು, ಅವರ ದುಡಿಮೆ."

ಹೋದ ವರ್ಷ ಅಮೆರಿಕದವರು ಕಂಪ್ಯೂಟರ್ ಕೊಳ್ಳುವುದು ಕಡಿಮೆ ಮಾಡಿದ್ದಕ್ಕೆ ನಮಗೆಲ್ಲ ಜ್ವರ ಬಂದಂತಾಗಿತ್ತು. ಪಕ್ಕದ ಕಟ್ಟಡದ ಕಾರ್ಖಾನೆಯಲ್ಲಿ ಅರ್ಧ ಜನ ಕೆಲಸ ಕಳೆದುಕೊಂಡರು. ಅದನ್ನು ಬರೆದಿದ್ದೆ. "ಜ್ವರದ ಮಾತು ಮದುವೆ ಕಾಗದದಲ್ಲಿ ಬೇಡ" ಎಂದು ಖೂ ಸಾಹೇಬರು ತೆಗೆಸಿದರು.

ಹೇಗಿದೆ ಹೇಳಿ. ತೆಂಗಿನ ಸಾಲಿನ ವಿಷಯ ಓದಿ ಸ್ವಲ್ಪ ಕಸಿವಿಸಿಯಾಯಿತು. ಮಳೆಗಾಲದ ಅಲೆ ಇಳಿದ ಮೇಲೆ ಸರಿಹೋಗುತ್ತದೆ ಅಲ್ಲವೇ?

ಹಸ್ಲಿಂದಾ


ಪುಲಾವ್ ಸೆಲಾಸಿ
೯ ಏಪ್ರಿಲ್ ೨೦೦೨

ಹಸ್ಲಿಂದಾ,

ಓದಿದೆ. ಚೆನ್ನಾಗಿ ಅರ್ಥವಾಯಿತು, ಅದೇ ತೊಂದರೆ.

ಹಿತ್ತಿಲಲ್ಲಿ ಒಂದು ಮೆಣಸಿನ ಗಿಡವೂ ಇಲ್ಲದ ನೆರೆಯವಳು ಊರಿಗೆಲ್ಲ ಸಂಬಾಲ್ ಅರೆದು ಮಾರುತ್ತಿದ್ದರೆ, ನಾನು ಅವಳ ಕೈರುಚಿಯನ್ನು ಹೊಗಳುವ ಮೊದಲು ನನ್ನ ಮೆಣಸಿನ ಗಿಡವನ್ನು ನೋಡಿಕೊಂಡು ಬರುತ್ತೇನೆ. ಏನೂ ಇಲ್ಲ, ಏನೂ ಇಲ್ಲ ಎಂದು ಎದೆ ಉಬ್ಬಿಸಿ ಹೇಳುವವರನ್ನು ನಾನು ಕಂಡದ್ದು ಇದೇ ಮೊದಲು. ನಮ್ಮಲ್ಲಿ ಇಲ್ಲದವರು ತಲೆ ತಗ್ಗಿಸುತ್ತಾರೆ.

ಮರಳು ಎಲ್ಲಿದೆ ನಿನ್ನ ಪಾಠದಲ್ಲಿ? ಎಣ್ಣೆ ಬಂತು, ನೀರು ಬಂತು, ಅಕ್ಕಿ ಬಂತು. ದಿನವೂ ನನ್ನ ಕಣ್ಣೆದುರಿಗೆ ಹೋಗುವ ಮರಳು ಬರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಕೆಸರು ನಮ್ಮ ಕೈಗೆ, ಮೊಸರು ನಿಮ್ಮ ಬಾಯಿಗೆ.

ಅದಿರಲಿ, ಈಗ ಕೆಲಸದ ಮಾತು. ಕೊನೆಯ ಸಾಲಿನ ತೆಂಗೂ ವಾಲುತ್ತಿದೆ. ಮೊನ್ನೆ ಸ್ಮಶಾನದ ಕೆಳಗಿನ ಅಂಚು ಕುಸಿದು ಎರಡು ಹಳೆಯ ಗೋರಿಗಳು ನೀರಿಗೆ ಹೋದವು. ಯಾರದೆಂದು ಹೇಳುವವರೂ ಉಳಿದಿಲ್ಲ. ನಿನ್ನ ಅಮ್ಮನನ್ನು ಗುಡ್ಡದ ಮೇಲಕ್ಕೆ ಒಯ್ಯಬೇಕು. ಗೇರುಮರದ ಕೆಳಗೆ ಜಾಗ ನೋಡಿಟ್ಟಿದ್ದೇನೆ. ನಮ್ಮ ಇಮಾಮರು ಅಗೆಯಲು ಒಪ್ಪಿದ್ದಾರೆ, ಆದರೆ ಅವರದೊಂದು ಹಟ. "ಹೊಟ್ಟೇಲಿ ಹುಟ್ಟಿದವಳು ಇದಾಳೆ. ಅವಳು ಬಂದು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೂಂ ಅನ್ಬೇಕು. ಕಾಗದದ ಮಾತಿಗೆ ಮಲಗಿದವರನ್ನ ಎಬ್ಬಿಸೋಕಾಗಲ್ಲ ಸಪಿಯಾ" ಎನ್ನುತ್ತಾರೆ. ನಮ್ಮಲ್ಲಿ ಹಿಂದಿನಿಂದ ನಡೆದು ಬಂದದ್ದೂ ಹಾಗೆಯೇ.

ಒಂದು ದಿನದ ಕೆಲಸ. ಬೆಳಗಿನ ದೋಣಿಗೆ ಬಂದು ಸಂಜೆ ಹೋಗು. ಬೇಗ ಬಾ.

ದೊಡ್ಡಮ್ಮ


ಸಿಂಗಪುರ
೧೮ ಮೇ ೨೦೦೨

ದೊಡ್ಡಮ್ಮಾ,

ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸಿ. ಪುಸ್ತಕ ಅಚ್ಚಿಗೆ ಹೋಗುವ ತನಕ ಯಾರಿಗೂ ರಜೆ ಇಲ್ಲ. ಭಾನುವಾರವೂ ಕಚೇರಿಗೆ ಬರುತ್ತಿದ್ದೇನೆ.

ಮರಳಿನ ಮಾತನ್ನು ನಾನು ಎತ್ತಿದೆ, ಎತ್ತಲಿಲ್ಲವೆಂದುಕೊಳ್ಳಬೇಡಿ. ನಾವು ಪ್ರಕಟಿಸುವ ವ್ಯಾಪಾರದ ಪಟ್ಟಿಯಲ್ಲಿ ದೂರದೂರದ ದೇಶಗಳೆಲ್ಲ ಇವೆ, ನಿಮ್ಮ ದೇಶದ ಸಾಲು ಮಾತ್ರ ಇಲ್ಲ. ಬಹಳ ವರ್ಷಗಳಿಂದ ಹಾಗೆಯೇ ನಡೆದಿದೆಯಂತೆ. ಹಾಗಿದ್ದರೆ ಮಾತಿನಲ್ಲಾದರೂ ಒಂದು ವಾಕ್ಯ ಸೇರಿಸೋಣವೇ ಎಂದು ಖೂ ಸಾಹೇಬರನ್ನು ಕೇಳಿದೆ. ಅವರು ಕೆಟ್ಟವರಲ್ಲ ದೊಡ್ಡಮ್ಮಾ. ನಕ್ಕು, "ಪಕ್ಷಿನೋಟ ಅಂದ್ರೆ ಪಕ್ಷಿನೋಟ ಹಸ್ಲಿಂದಾ. ಅಷ್ಟು ಮೇಲೆ ಹಾರೋ ಹಕ್ಕಿಗೆ ಮರಳಿನ ಕಣ ಕಾಣುತ್ತಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಮುದ್ರ ದಡವನ್ನು ಕೊರೆಯುವುದು ಎಲ್ಲ ಕಡೆಯೂ ಇರುವುದೇ, ಒಂದು ಕಡೆ ತೆಗೆದು ಇನ್ನೊಂದು ಕಡೆ ಹಾಕುತ್ತದೆ ಎಂದು ಓದಿದ್ದೇನೆ. ಆಗಸ್ಟ್ ಕಳೆಯಲಿ, ಖಂಡಿತ ಬರುತ್ತೇನೆ. ಅಷ್ಟರಲ್ಲಿ ಏನೂ ಆಗುವುದಿಲ್ಲ.

ಜುಫ್ರಿಯ ಗೆಳೆಯನ ಕೈಯಲ್ಲಿ ಹಾಲಿನ ಪುಡಿ, ಬಿಸ್ಕತ್ತು, ನಿಮಗೊಂದು ಬಾಟಿಕ್ ಬಟ್ಟೆ ಕಳಿಸಿದ್ದೇನೆ.

ಹಸ್ಲಿಂದಾ


ಪುಲಾವ್ ಸೆಲಾಸಿ
೩೦ ಜೂನ್ ೨೦೦೨

ಹಾಲಿನ ಪುಡಿ ಬಂತು. ಬಾಟಿಕ್ ಇಮಾಮರ ಸೊಸೆಗೆ ಕೊಟ್ಟೆ.

ಒಂದು ಕಡೆ ತೆಗೆದು ಇನ್ನೊಂದು ಕಡೆ ಹಾಕುತ್ತದೆ ಎಂದು ಬರೆದಿದ್ದೀಯಲ್ಲ, ಸಮುದ್ರದ ಮೇಲೆ ಯಾಕೆ ಹೊರಿಸುತ್ತೀ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುವುದನ್ನು ಯಾರು ಕಲಿಸಿದರು ನಿನಗೆ? ನಿನ್ನ ಅಮ್ಮ ಹಾಗೆ ಮಾತಾಡಿದವಳಲ್ಲ. ಇಷ್ಟವಿಲ್ಲದಿದ್ದರೆ ಮುಖಕ್ಕೇ ಹೇಳುತ್ತಿದ್ದಳು.

ಜುಫ್ರಿ ಆ ಹಡಗಿಗೆ ಕೆಲಸಕ್ಕೆ ಸೇರಿದ್ದಾನೆ. ಬಲೆಗೆ ಏನೂ ಬೀಳದೆ ತಿಂಗಳುಗಳಾದವು, ಅವನನ್ನು ನಾನು ತಡೆಯಲಿಲ್ಲ. ಕೊಳವೆಯ ಬಾಯಿಗೆ ಕಲ್ಲು, ಬೇರು ಸಿಕ್ಕಿಕೊಂಡರೆ ಬಿಡಿಸುವುದು ಅವನ ಕೆಲಸ. ಮೊದಲ ಸಂಬಳದಲ್ಲಿ ಒಂದು ಚೀಲ ಅಕ್ಕಿ ತಂದ. ಅದನ್ನೇ ಬೇಯಿಸುತ್ತಿದ್ದೇನೆ, ಅದನ್ನೇ ಉಣ್ಣುತ್ತಿದ್ದೇನೆ. ಅನ್ನ ಬಾಯಿಗಿಟ್ಟಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ, ಆದರೂ ನುಂಗುತ್ತೇನೆ. ಜಗಲಿಯಲ್ಲಿ ಟಿವಿ ನೋಡುವವರ ಮುಖ ಕಂಡರೂ ಹೇಸಿಗೆ. ನಿನ್ನ ಪಾಠದ ಕಾಗದವನ್ನು ಒಣಮೀನು ಕಟ್ಟಲು ಬಳಸಿದೆ. ಮೀನಿಗೇ ಅದರ ವಾಸನೆ ಹತ್ತಿತೇನೋ ಅನ್ನಿಸಿತು.

ನೀನು ಬರುವುದಾದರೆ ಬಾ. ಕಾಗದ ಬೇಡ.

ಸಪಿಯಾ


ಸಿಂಗಪುರ
೨೨ ಸೆಪ್ಟೆಂಬರ್ ೨೦೦೨

ದೊಡ್ಡಮ್ಮಾ,

ಕಾಗದ ಬೇಡವೆಂದಿರಿ, ಅದಕ್ಕೇ ಇಷ್ಟು ದಿನ ಬರೆಯಲಿಲ್ಲ. ಬರೆಯಲು ಮುಖವೂ ಇರಲಿಲ್ಲ.

ಪುಸ್ತಕ ಬಂದಿದೆ. ಹೊಳೆಯುವ ಹೊದಿಕೆ, ಒಳಗೆ ನನ್ನ ಹೆಸರು. ಅಕ್ಟೋಬರ್ ಮೊದಲ ವಾರ ದೊಡ್ಡ ವ್ಯಾಪಾರ ಮೇಳವಿದೆ. ಅಲ್ಲಿ ಬರುವ ಅತಿಥಿಗಳಿಗೆಲ್ಲ ನಾನೇ ಈ ಅಧ್ಯಾಯವನ್ನು ಬಾಯಲ್ಲಿ ಹೇಳಬೇಕಂತೆ. ಅದೊಂದು ಮುಗಿದರೆ ನಾನು ಬಿಡುವಾಗುತ್ತೇನೆ.

ಉಪವಾಸದ ತಿಂಗಳಿಗೆ ಸ್ವಲ್ಪ ಮುಂಚೆ, ಅಕ್ಟೋಬರ್ ೨೭ರ ಭಾನುವಾರ, ಬೆಳಗಿನ ದೋಣಿಗೆ ಬರುತ್ತೇನೆ. ಟಿಕೆಟ್ ಕೊಂಡಾಗಿದೆ. ಹೇಗೂ ಎಲ್ಲರೂ ಗೋರಿಗಳಿಗೆ ಹೂ ನೀರು ಹಾಕಲು ಬರುವ ಹೊತ್ತು. ಪನ್ನೀರು, ಗುಲಾಬಿ ಎಸಳು ಇಲ್ಲಿಂದಲೇ ತರುತ್ತೇನೆ. ಇಮಾಮರಿಗೆ ಹೇಳಿಡಿ. ನಾಲ್ಕು ಜನರಲ್ಲ, ಇಡೀ ಊರಿನ ಮುಂದೆ ಹೂಂ ಅನ್ನುತ್ತೇನೆ. ಚಪ್ಪಲಿಯನ್ನು ದೋಣಿಯಲ್ಲೇ ಬಿಟ್ಟು ಇಳಿಯುತ್ತೇನೆ.

ಹಸ್ಲಿಂದಾ


ಪುಲಾವ್ ಸೆಲಾಸಿ
೧೪ ಅಕ್ಟೋಬರ್ ೨೦೦೨

ಹಸ್ಲಿಂದಾ,

ಹೂ ತರಬೇಡ. ಪನ್ನೀರೂ ಬೇಡ.

ಅಮಾವಾಸ್ಯೆಯ ಭರತಕ್ಕೆ ಕೊನೆಯ ಸಾಲಿನ ತೆಂಗು ಉರುಳಿತು. ಮಾರನೆಯ ದಿನ ಮಧ್ಯಾಹ್ನ ನಾನು ಮೀನು ಒಣಹಾಕುತ್ತಿದ್ದಾಗ ಹುಡುಗಿಯರು ಕೂಗಿಕೊಂಡು ಬಂದರು. ಓಡಿದೆ. ನಿನ್ನ ಅಮ್ಮನ ಕಾಲಿನ ಕಡೆಯ ಕಲ್ಲು ಆಗಲೇ ಇರಲಿಲ್ಲ. ನಾನು ಇಮಾಮರ ಕಾಲು ಹಿಡಿದೆ. "ಈಗ್ಲಾದ್ರೂ ಗುದ್ದಲಿ ಹಾಕಿ, ಅವಳ ಮಗಳ ಪಾಪ ನನಗೇ ಬರಲಿ" ಎಂದೆ. ಅವರು ಬಿಸ್ಮಿಲ್ಲಾ ಎಂದು ಗುದ್ದಲಿ ಎತ್ತುವಷ್ಟರಲ್ಲಿ ಇಡೀ ಅಂಚೇ ಜಾರಿ ಹೋಯಿತು. ಕಾಮಕಸ್ತೂರಿ ಗಿಡ ಬೇರುಸಮೇತ ಸ್ವಲ್ಪ ಹೊತ್ತು ನೀರಿನ ಮೇಲೆ ತೇಲಿತು. ತಲೆಯ ಕಡೆಯ ಕಲ್ಲು ನನ್ನ ಕೈಗೆ ಸಿಕ್ಕಿತು. ಅದು ಈಗ ಅಡುಗೆಮನೆಯಲ್ಲಿದೆ. ಬೇರೆಲ್ಲಿ ಇಡಬೇಕೋ ನನಗೆ ತಿಳಿಯುತ್ತಿಲ್ಲ.

ಇಷ್ಟಾಗಿದ್ದರೆ ಅಲ್ಲಾಹನ ಇಚ್ಛೆ ಎಂದು ಸುಮ್ಮನಾಗುತ್ತಿದ್ದೆ. ನಾಲ್ಕು ದಿನ ಕಳೆದು ಆ ಹಡಗು ಇನ್ನೂ ಒಳಕ್ಕೆ ಬಂತು. ಕುಸಿದ ಮಣ್ಣು ಸಡಿಲವಾಗಿರುತ್ತದಲ್ಲ, ಹೀರಲು ಸುಲಭ. ಜುಫ್ರಿ ಕೊಳವೆಯ ಬಾಯಲ್ಲಿ ನಿಂತಿದ್ದ. ಸಂಜೆ ಮನೆಗೆ ಬಂದವನು ಕೈ ತೊಳೆದ, ಮತ್ತೆ ತೊಳೆದ, ತಟ್ಟೆಯ ಮುಂದೆ ಕೂತು ಎದ್ದುಹೋದ. ಕೇಳಿದ್ದಕ್ಕೆ, "ಅಮ್ಮಾ, ಮರಳಿನ ಜೊತೆ ಬೆಳ್ಳಗೆ ಏನೋ ಬಂತು. ಚಿಪ್ಪು ಅಂದ್ಕೊಂಡೆ. ದೋಣಿ ತುಂಬಿ ಹೊರಟುಹೋದ ಮೇಲೆ ಹೊಳೀತು ನಂಗೆ" ಎಂದ. ಆ ದೋಣಿ ಎಲ್ಲಿ ಸುರಿಯುತ್ತದೆಂದು ಅವನಿಗೆ ಗೊತ್ತು. ನಿನ್ನ ಕಿಟಕಿಯ ಎದುರಿಗೆ.

ಬಾಡಿಗೆ ಇಲ್ಲದ ಮಣ್ಣು ಬೇಕೆಂದು ಬಂದವಳನ್ನು ವಾಪಸ್ ಕರೆಸಿಕೊಂಡಿರಿ. ಅಲ್ಲಿ ಮನೆಗಳನ್ನು ತೊಂಬತ್ತೊಂಬತ್ತು ವರ್ಷದ ಗುತ್ತಿಗೆಗೆ ಕೊಡುತ್ತಾರಂತೆ. ಎಲ್ಲಿಂದಲೋ ಬಂದು, ನಿಮ್ಮಲ್ಲಿ ಇಳಿದು, ಇನ್ನೆಲ್ಲಿಗೋ ಹೊರಡುವ ಸರಕು ಎಂದು ಬರೆದಿದ್ದೆಯಲ್ಲ, ಇವಳು ಇಳಿದಳು, ಇನ್ನೆಲ್ಲಿಗೂ ಹೊರಡುವುದಿಲ್ಲ. ಇವಳನ್ನು ಯಾವ ಸಾಲಿನಲ್ಲಿ ಬರೆದುಕೊಳ್ಳುತ್ತೀರಿ?

ಸಪಿಯಾ


ಸಿಂಗಪುರ
೧೦ ನವೆಂಬರ್ ೨೦೦೨

ದೊಡ್ಡಮ್ಮಾ,

ಬೇಡವೆಂದರೂ ಆ ಭಾನುವಾರ ಪನ್ನೀರು ಹಿಡಿದೇ ಬಂದೆ. ನೀವು ಒಂದು ಮಾತೂ ಆಡದೆ ಅನ್ನ ಬಡಿಸಿದಿರಿ. ನಾನು ಒಂದು ಮಾತೂ ಆಡದೆ ಉಂಡೆ. ಒಲೆಯ ಪಕ್ಕ ಅಮ್ಮನ ಕಲ್ಲು ಇತ್ತು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪನ್ನೀರಿನ ಶೀಷೆಯನ್ನು ತುಂಬಿದ್ದ ಹಾಗೆಯೇ ವಾಪಸ್ ತಂದೆ.

ನಿಮಗೆ ಅಲ್ಲಿ ಹೇಳಲಾಗದ್ದನ್ನು ಈಗ ಹೇಳುತ್ತೇನೆ. ನಿಮ್ಮ ಕಾಗದ ಬರುವ ಮುಂಚೆಯೇ ಮೇಳ ಮುಗಿದಿತ್ತು, ಆದರೆ ಕಾಗದ ಬಂದ ಮರುದಿನ ಇನ್ನೊಂದು ತಂಡ ಕಚೇರಿಗೇ ಬಂತು. ಖೂ ಸಾಹೇಬರು ನನ್ನನ್ನೇ ನಿಲ್ಲಿಸಿದರು. ಕಿಟಕಿಗೆ ಬೆನ್ನು ಮಾಡಿ ನಿಂತು, "ಸ್ವಂತದ್ದೆನ್ನುವ ನೈಸರ್ಗಿಕ ಸಂಪತ್ತು ಏನೂ ಇಲ್ಲ" ಎಂದೆ. ಹಿಂದಿನಿಂದ ಮರಳು ಸುರಿಯುವ ಸದ್ದು ಬರುತ್ತಿತ್ತು. ಆ ವಾಕ್ಯ ನಾನೇ ಬರೆದದ್ದು, ಎಷ್ಟೋ ಸಲ ಹೇಳಿದ್ದು. ಈ ಸಲ ಅದು ಕೊಳೆತ ಮೀನಿನ ಹಾಗೆ ಬಾಯಲ್ಲಿ ಉಳಿಯಿತು. ಅತಿಥಿಗಳಲ್ಲೊಬ್ಬರು ಚಪ್ಪಾಳೆ ತಟ್ಟಿ, "ಶೂನ್ಯದಿಂದ ಇಷ್ಟೆಲ್ಲ ಮಾಡಿದ್ದೀರಿ" ಎಂದರು. ನಾನು ಶೌಚಾಲಯಕ್ಕೆ ಓಡಿದೆ. ಖೂ ಸಾಹೇಬರು ಬಹಳ ಒಳ್ಳೆಯ ಮನಸ್ಸಿನಿಂದ, "ಉಪವಾಸ ಶುರುವಾಯ್ತಾ ನಿಮ್ಮದು?" ಎಂದು ಕೇಳಿದರು. ಅಮ್ಮನ ವಿಷಯ ಹೇಳಿದೆ. ಅವರು ಎದ್ದು ಹೋಗಿ ನನಗೊಂದು ಲೋಟ ನೀರು ತಂದಿಟ್ಟರು. ಆಮೇಲೆ, "ಎರಡನೇ ಮುದ್ರಣದಲ್ಲಿ ನಿನ್ನ ಹೆಸರು ಬೇಡವಾದರೆ ತೆಗೀತೀನಿ" ಎಂದರು. ವಾಕ್ಯ ತೆಗೆಯುತ್ತೇನೆ ಎನ್ನಲಿಲ್ಲ.

ನೀವು ಇನ್ನು ಅಲ್ಲಿರುವುದು ಬೇಡ. ಜುಫ್ರಿಗೂ ಇಲ್ಲಿ ಏನಾದರೂ ಕೆಲಸ ನೋಡೋಣ. ನನ್ನ ಜೊತೆ ಬಂದಿರಿ. ಕೈಮುಗಿದು ಕೇಳುತ್ತೇನೆ.

ಹಸ್ಲಿಂದಾ


ಪುಲಾವ್ ಸೆಲಾಸಿ
೧ ಡಿಸೆಂಬರ್ ೨೦೦೨

ಹಸ್ಲಿಂದಾ,

ನೀನು ಬಂದ ದಿನ ಬಾಯಿ ತೆರೆದಿದ್ದರೆ ನಾನು ಏನು ಹೇಳಿಬಿಡುತ್ತಿದ್ದೆನೋ ಎಂಬ ಹೆದರಿಕೆಯಿತ್ತು. ಅದಕ್ಕೇ ಅನ್ನ ಬಡಿಸಿದೆ. ಜುಫ್ರಿಯ ಸಂಬಳದ ಅಕ್ಕಿಯೇ ಅದು. ಇಬ್ಬರೂ ಉಂಡೆವು.

ಜುಫ್ರಿ ಒಂದು ವಾರ ಮನೆಯಲ್ಲಿ ಕೂತು ಮತ್ತೆ ಕೆಲಸಕ್ಕೆ ಹೋದ. ಈಗ ಕೊಳವೆಯ ಹತ್ತಿರ ನಿಲ್ಲುವುದಿಲ್ಲ, ಹಗ್ಗ ಹಿಡಿಯುತ್ತಾನೆ. ನನ್ನ ಮಗನನ್ನು ಬೈಯಲೂ ಆಗುತ್ತಿಲ್ಲ, ಅವನ ಮುಖ ನೋಡಲೂ ಆಗುತ್ತಿಲ್ಲ.

ನಾನು ಬರುವುದಿಲ್ಲ. ಸಿಟ್ಟಿಗಲ್ಲ. ನಿಮ್ಮೂರಿನ ಹೊಸ ನೆಲದಲ್ಲಿ ಅವಳು ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಅಷ್ಟೂ ನೆಲ ಸ್ಮಶಾನವೇ. ಅಲ್ಲಿ ನಾನು ಚಪ್ಪಲಿ ಮೆಟ್ಟಿ ನಡೆಯಲಾರೆ. ಬರಿಗಾಲಲ್ಲಿ ನಡೆದರೆ ನಿಮ್ಮವರು ಹುಚ್ಚಿ ಎನ್ನುತ್ತಾರೆ.

ಕಲ್ಲನ್ನು ಗುಡ್ಡದ ಮೇಲೆ, ಗೇರುಮರದ ಕೆಳಗೆ ನೆಟ್ಟಿದ್ದೇನೆ. ಕೆಳಗೆ ಯಾರೂ ಇಲ್ಲ. ಹಬ್ಬದ ದಿನ ಅದಕ್ಕೇ ನೀರು ಹಾಕುತ್ತೇನೆ. ನೀನು ನಿನ್ನ ಕಡೆಯಿಂದ ಹಾಕು.

ದೊಡ್ಡಮ್ಮ


ಸಿಂಗಪುರ
೮ ಡಿಸೆಂಬರ್ ೨೦೦೨

ದೊಡ್ಡಮ್ಮಾ,

ಹಬ್ಬದ ಸಲಾಂ. ನನ್ನ ತಪ್ಪುಗಳನ್ನೆಲ್ಲ ಮನ್ನಿಸಿ. ಪ್ರತಿ ವರ್ಷ ಹಬ್ಬಕ್ಕೆ ಹೇಳುವ ಮಾತು ಇದು, ಈ ವರ್ಷ ಮಾತ್ರ ನಿಜವಾಗಿ ಕೇಳುತ್ತಿದ್ದೇನೆ.

ಮನೆಗಾಗಿ ಬರೆಸಿದ್ದ ಹೆಸರನ್ನು ಹಬ್ಬದ ಹಿಂದಿನ ದಿನ ತೆಗೆಸಿದೆ.

ಹಬ್ಬದ ಬೆಳಗ್ಗೆ ನಮಾಜು ಮುಗಿಸಿ, ಹೊಸ ಬಟ್ಟೆಯಲ್ಲೇ, ಆ ಪನ್ನೀರಿನ ಶೀಷೆ ಹಿಡಿದು ಹೊಸ ನೆಲದ ಹತ್ತಿರ ಹೋದೆ. ಸುತ್ತ ತಂತಿಬೇಲಿ ಇದೆ. ಒಳಗೆ ಕಣ್ಣು ಹಾಯಿಸಿದಷ್ಟೂ ಮರಳು, ಒಂದು ಹುಲ್ಲೂ ಇಲ್ಲ. ಬೇಲಿಯ ಹೊರಗೇ ಚಪ್ಪಲಿ ಬಿಟ್ಟು, ಕಾವಲುಗಾರ ಆಚೆ ತಿರುಗಿದ್ದಾಗ ಗೇಟಿನ ಸಂದಿಯಿಂದ ಒಳಕ್ಕೆ ಹೋದೆ. ಮರಳು ಕಾದಿತ್ತು. ಎಲ್ಲಿ ಸುರಿಯಬೇಕೆಂದು ತಿಳಿಯದೆ ನಡೆಯುತ್ತಾ ಸ್ವಲ್ಪ ಸ್ವಲ್ಪವೇ ಸುರಿದೆ.

ಶೀಷೆ ಖಾಲಿಯಾಗುವಷ್ಟರಲ್ಲಿ ಕಾವಲುಗಾರ ಓಡಿಬಂದ. ಮುದುಕ, ತಮಿಳಿನವನು. ನನ್ನ ಬಟ್ಟೆ ನೋಡಿ ಹಬ್ಬದವಳೆಂದು ಗೊತ್ತಾಗಿ ಗದರಿಸಲಿಲ್ಲ.

"ಏನಮ್ಮಾ ಇದು, ಬರಿಗಾಲಲ್ಲಿ ಇಲ್ಲೇನು ಮಾಡ್ತಿದೀಯಾ?"

"ಅಮ್ಮನ್ನ ನೋಡೋಕೆ ಬಂದೆ. ಇಲ್ಲೇ ಇದಾಳೆ."

ಅವನು ನನ್ನನ್ನೂ ಬಟ್ಟಬಯಲನ್ನೂ ನೋಡಿ, ದಾರಿ ತಪ್ಪಿದವಳಿಗೆ ಹೇಳುವ ಹಾಗೆ ಸಮಾಧಾನದಿಂದ ಹೇಳಿದ: "ಇಲ್ಲಿ ಇನ್ನೂ ಯಾರೂ ಇಲ್ಲಮ್ಮಾ. ಮೊದ್ಲು ಮರಳು ಗಟ್ಟಿಯಾಗಿ ಕೂರ್ಬೇಕು, ಆಮೇಲೆ ಜನ ಬರೋದು."

ಹಸ್ಲಿಂದಾ